ಇಳಿವಯಸ್ಸಿನ ಎರಡು ಬೇನೆಗಳು: ಒಂದೇ ಗುಳಿಗೆ ಸಾಕೇ?

ಕಣ್ಣು ಮಂಜಾದರೆ, ಹಲ್ಲು ಅಲುಗಾಡಿದರೆ, ಮೊಣಕಾಲು ನೊಂದರೆ ನಮ್ಮ ಹಿರಿಯರು ಅದನ್ನು ಕಟ್ಟೆಯ ಮೇಲೆ ಕುಳಿತು ಹತ್ತು ಜನರ ಮುಂದೆ ಹೇಳಿಕೊಳ್ಳುವರು. ಮೂತ್ರದ ತೊಂದರೆಯೊಂದನ್ನು ಮಾತ್ರ ಕೈಹಿಡಿದ ಹೆಂಡತಿಯ ಮುಂದೆಯೂ ಬಾಯಿಬಿಟ್ಟು ಹೇಳರು. ರಾತ್ರಿ ನಾಲ್ಕು ಸಲ ಎದ್ದು ಹೊರಗೆ ಹೋಗಿ ಬಂದವರನ್ನು ಮರುದಿನ 'ಯಾಕೆ, ನಿದ್ದೆ ಹತ್ತಲಿಲ್ಲವೇ?' ಎಂದು ಕೇಳಿದರೆ, 'ಧಗೆ ಬಹಳ' ಎಂದು ಉತ್ತರ ಕೊಡುವರು. ವಿಜಯಪುರದ ಬೇಸಿಗೆಯಲ್ಲಿ ಈ ಉತ್ತರವನ್ನು ಯಾರೂ ಸಂಶಯಿಸುವದಿಲ್ಲ. ಹೀಗೆ ವರ್ಷಾನುವರ್ಷ ಮರೆಮಾಚಿದ ಬೇನೆಯು ಒಂದು ರಾತ್ರಿ ಮೂತ್ರವೇ ಕಟ್ಟಿ ನಿಂತಾಗ ಮನೆಯವರಿಗೆಲ್ಲ ತಿಳಿಯುವದು.

ಈ ಬೇನೆಗೆ ಜೊತೆಗಾರನೊಬ್ಬನುಂಟು. ಅದೇ ರಕ್ತದೊತ್ತಡ. ಜನರು ಅದನ್ನು 'ಬಿ.ಪಿ.' ಎಂದು ಕರೆಯುತ್ತಾರೆ. ಇದಕ್ಕೆ ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ಮೊದಲನೆಯ ಬೇನೆಯನ್ನು ಮನುಷ್ಯನು ಮುಚ್ಚಿಡುವನು. ಎರಡನೆಯದು ತಾನೇ ಮುಚ್ಚಿಕೊಂಡಿರುವದು. ಅರುವತ್ತು ದಾಟಿದ ಗಂಡಸರಲ್ಲಿ ಇವೆರಡೂ ಒಂದೇ ದೇಹದಲ್ಲಿ ಕೂಡಿರುವದು ಅಪರೂಪವೇನೂ ಅಲ್ಲ.

ತಿಕೋಟೆಯ ಕಡೆಯ ದ್ರಾಕ್ಷಿ ಬೆಳೆಗಾರರೂ, ಬಬಲೇಶ್ವರದ ಒಕ್ಕಲಿಗರೂ, ನಗರದ ಪೆನ್ಶನ್‌ದಾರರೂ ನಮ್ಮನ್ನು ಭೆಟ್ಟಿಯಾದಾಗ ಕೇಳುವ ಪ್ರಶ್ನೆಯೊಂದಿದೆ: "ಸರ್, ಒಂದ ಗುಳಿಗ್ಯಾಗ ಎರಡೂ ಬ್ಯಾನಿ ಕಡಿಮಿ ಆಗ್ತಾವಂತ, ಖರೇ ಏನ್ರಿ?" ನಾವು ವೈದ್ಯರಲ್ಲ, ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದವರು. ಆದರೂ ಈ ಪ್ರಶ್ನೆಗೆ ಜಗತ್ತಿನ ವೈದ್ಯರು ಬಹಳ ದುಡ್ಡು, ಬಹಳ ವರ್ಷ ಖರ್ಚುಮಾಡಿ ಕಂಡುಕೊಂಡ ಉತ್ತರವಿದೆ. ಅದು ಪ್ರತಿಯೊಬ್ಬ ಗೃಹಸ್ಥನಿಗೂ ತಿಳಿದಿರಬೇಕಾದದ್ದೆಂದು ಬಗೆದು ಈ ಲೇಖನವನ್ನು ಬರೆದಿದ್ದೇವೆ. ಇದನ್ನು ಓದಿ ಯಾರೂ ತಾವೇ ಗುಳಿಗೆ ತೊಡಗಬಾರದು, ಬಿಡಲೂಬಾರದು. ವೈದ್ಯರ ಮುಂದೆ ಕುಳಿತಾಗ ಏನು ಹೇಳಬೇಕು, ಏನು ಕೇಳಬೇಕು ಎಂಬುದು ತಿಳಿದರೆ ನಮ್ಮ ಶ್ರಮ ಸಾರ್ಥಕ.

ಗ್ರಂಥಿಯ ಸ್ವರೂಪ

ಗಂಡಸರ ಮೂತ್ರಕೋಶದ ಬಾಯಿಯ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ಅಕ್ರೋಡಿನ ಗಾತ್ರದ ಒಂದು ಗ್ರಂಥಿ ಇದೆ. ಅದಕ್ಕೆ ಪ್ರಾಸ್ಟೇಟ್ ಎಂದು ಹೆಸರು. 'ಮುಂದೆ ನಿಂತದ್ದು' ಎಂಬುದು ಆ ಗ್ರೀಕ್ ಶಬ್ದದ ಅರ್ಥ. ತಾರುಣ್ಯದಲ್ಲಿ ಅದರ ತೂಕ ಸುಮಾರು ೨೦ ಗ್ರಾಂ. ವೀರ್ಯಕ್ಕೆ ಬೇಕಾದ ದ್ರವವನ್ನು ಒದಗಿಸುವದು ಅದರ ಕೆಲಸ. ನಾಲ್ವತ್ತು ದಾಟಿದ ಮೇಲೆ ಈ ಗ್ರಂಥಿಯು ಮೆಲ್ಲಮೆಲ್ಲನೆ ಬೆಳೆಯತೊಡಗುವದು. ಅರುವತ್ತರ ಸುಮಾರಿಗೆ ಅರ್ಧದಷ್ಟು ಗಂಡಸರಲ್ಲಿ, ಎಂಬತ್ತು ದಾಟಿದವರಲ್ಲಿ ಹತ್ತಕ್ಕೆ ಎಂಟು ಜನರಲ್ಲಿ ಈ ಬೆಳವಣಿಗೆಯನ್ನು ಸೂಕ್ಷ್ಮದರ್ಶಕದಿಂದ ಕಾಣಬಹುದು. ಇದು ಅರ್ಬುದವಲ್ಲ, ಮುಂದೆ ಅರ್ಬುದವಾಗಿ ಮಾರ್ಪಡುವದೂ ಇಲ್ಲ. ಆದರೆ ಅರ್ಬುದವೂ ಅದೇ ಗ್ರಂಥಿಯಲ್ಲಿ ಬೇರೆಯಾಗಿ ಹುಟ್ಟಬಹುದಾದ್ದರಿಂದ ವೈದ್ಯರು ಬೆರಳಿನ ಪರೀಕ್ಷೆಯನ್ನೂ ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯನ್ನೂ ಮಾಡಿಸುವದುಂಟು. ಅದಕ್ಕೆ ನಾಚಿಕೊಳ್ಳಬಾರದು.

ಗ್ರಂಥಿ ಬೆಳೆದಾಗ ನಾಳಕ್ಕೆ ಎರಡು ಬಗೆಯ ಅಡ್ಡಿಯಾಗುವದು. ತೋಟಕ್ಕೆ ನೀರು ಹಾಯಿಸುವ ಪೈಪಿನ ಸುತ್ತ ಬೇರು ಬೆಳೆದು ಒತ್ತಿದಂತೆ ಮಾಂಸದ ಗಾತ್ರವೇ ನಾಳವನ್ನು ಒತ್ತುವದು ಒಂದು ಬಗೆ. ಗ್ರಂಥಿಯಲ್ಲಿಯೂ ಮೂತ್ರಕೋಶದ ಕೊರಳಿನಲ್ಲಿಯೂ ಇರುವ ಸ್ನಾಯುಗಳು ಬಿಗಿದು ಹಿಡಿಯುವದು ಇನ್ನೊಂದು ಬಗೆ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು; ಯಾಕಂದರೆ ಔಷಧಗಳೂ ಇದೇ ಪ್ರಕಾರ ಎರಡು ಜಾತಿಯವಾಗಿವೆ.

ಲಕ್ಷಣಗಳನ್ನು ಅಳೆಯಲಿಕ್ಕೆ ವೈದ್ಯರಲ್ಲಿ ಏಳು ಪ್ರಶ್ನೆಗಳ ಒಂದು ಪಟ್ಟಿ ಇದೆ. ಮೂತ್ರ ಪೂರ್ತಿ ಹೋಗಲಿಲ್ಲವೆಂದು ಅನಿಸುವದೇ? ಎರಡು ತಾಸಿನೊಳಗೆ ಮತ್ತೆ ಹೋಗಬೇಕಾಗುವದೇ? ಧಾರೆ ನಡುನಡುವೆ ನಿಂತು ನಿಂತು ಬರುವದೇ? ತಡೆಯಲಾರದ ಅವಸರವಾಗುವದೇ? ಧಾರೆ ಸಪೂರಾಗಿದೆಯೇ? ತಿಣುಕಬೇಕಾಗುವದೇ? ರಾತ್ರಿ ಎಷ್ಟು ಸಲ ಏಳುವಿರಿ? ಒಂದೊಂದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕಗಳು, ಒಟ್ಟು ೩೫. ಏಳರವರೆಗೆ ಸೌಮ್ಯ, ಎಂಟರಿಂದ ಹತ್ತೊಂಬತ್ತರವರೆಗೆ ಮಧ್ಯಮ, ಇಪ್ಪತ್ತು ಮತ್ತು ಮೇಲ್ಪಟ್ಟು ತೀವ್ರ. ಅಂಕ ಹೆಚ್ಚಾದಷ್ಟೂ ಕೆಡುಕಾದ ಪರೀಕ್ಷೆಯನ್ನು ನಮ್ಮ ಮಾಸ್ತರಿಕೆಯ ಕಾಲದಲ್ಲಿ ನಾವು ಕಂಡಿರಲಿಲ್ಲ! ಸೌಮ್ಯವಾಗಿದ್ದು ಮನುಷ್ಯನಿಗೆ ತೊಂದರೆಯೆನಿಸದಿದ್ದರೆ ಔಷಧವೇ ಬೇಕಾಗಿಲ್ಲ. ವರ್ಷಕ್ಕೊಮ್ಮೆ ತೋರಿಸಿಕೊಂಡರೆ ಸಾಕು.

ನಮ್ಮ ಪ್ರಾಚೀನರಿಗೆ ಈ ಉಪದ್ರವ ತಿಳಿಯದ್ದಲ್ಲ. ಸುಶ್ರುತನು ಉತ್ತರತಂತ್ರದಲ್ಲಿ ಮೂತ್ರಾಘಾತವನ್ನು ಹನ್ನೆರಡು ಬಗೆಯಾಗಿ ವಿಂಗಡಿಸಿದ್ದಾನೆ; ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿ ಹದಿಮೂರು ಮೂತ್ರದೋಷಗಳ ಎಣಿಕೆಯಿದೆ. ಅವುಗಳಲ್ಲಿ ವಾತಾಷ್ಠೀಲಾ ಎಂಬುದೊಂದು. ಅಷ್ಠೀಲಾ ಎಂದರೆ ದುಂಡುಕಲ್ಲು. ಗುದಕ್ಕೂ ಮೂತ್ರಕೋಶಕ್ಕೂ ನಡುವೆ ಕಲ್ಲಿನಂಥ ಗಟ್ಟಿ ಗಂಟು ನಿಂತು ಮಲಮೂತ್ರಗಳನ್ನು ತಡೆಯುವದೆಂದು ಸುಶ್ರುತನ ವರ್ಣನೆ. ಈಗಿನ ಆಯುರ್ವೇದ ಪಂಡಿತರು ಇದನ್ನು ಪ್ರಾಸ್ಟೇಟ್ ಬೆಳವಣಿಗೆಗೆ ಹೋಲಿಸುತ್ತಾರೆ. ಚರಕನು ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ತಡೆಯಬಾರದ ಹದಿಮೂರು ವೇಗಗಳನ್ನು ಹೇಳುವಾಗ ಮೂತ್ರವನ್ನೇ ಮೊದಲಿಗೆ ಇಟ್ಟಿರುವದು ಗಮನಿಸತಕ್ಕ ಮಾತು. ಇನ್ನು ನಮ್ಮ ಎರಿಹೊಲದ ಬದುವಿನಲ್ಲಿ ಬೆಳೆಯುವ ನೆಗ್ಗಿಲಮುಳ್ಳು ಮೂತ್ರರೋಗಗಳಿಗೆ ಹಿಂದಿನಿಂದಲೂ ಬಳಕೆಯಲ್ಲಿದೆ. ಆದರೆ ಬೆಳೆದ ಗ್ರಂಥಿಯನ್ನು ಅದು ಕುಗ್ಗಿಸುವದೆಂದು ದೊಡ್ಡ ಪರೀಕ್ಷೆಗಳಿಂದ ಸಿದ್ಧವಾಗಿಲ್ಲ. ಹಾಗೆಯೇ ಪಶ್ಚಿಮ ದೇಶಗಳಲ್ಲಿ ಬಹಳ ಮಾರಾಟವಾಗುತ್ತಿದ್ದ ಸಾ ಪಾಮೆಟೋ ಎಂಬ ತಾಳೆಜಾತಿಯ ಹಣ್ಣಿನ ಸಾರವನ್ನು ೨೦೦೬ ಮತ್ತು ೨೦೧೧ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳಲ್ಲಿ ಒರೆಗೆ ಹಚ್ಚಿದಾಗ, ಅದು ಬರಿಯ ಹುಸಿಗುಳಿಗೆಗಿಂತ ಹೆಚ್ಚಿನದೇನೂ ಅಲ್ಲವೆಂದು ಕಂಡುಬಂದಿತು.

ರಕ್ತದೊತ್ತಡದ ಮಾತು

ಒತ್ತಡವು ಪಾದರಸದ ೧೪೦/೯೦ ಮಿಲಿಮೀಟರನ್ನು ಮೇಲಿಂದ ಮೇಲೆ ಮುಟ್ಟುತ್ತಿದ್ದರೆ ಅಥವಾ ದಾಟುತ್ತಿದ್ದರೆ ಅದಕ್ಕೆ ಅಧಿಕ ರಕ್ತದೊತ್ತಡವೆನ್ನುವರು. ಅಲಕ್ಷ್ಯ ಮಾಡಿದರೆ ಪಾರ್ಶ್ವವಾಯು, ಹೃದಯದ ಆಘಾತ, ಮೂತ್ರಪಿಂಡಗಳ ನಾಶ ಇವು ಅದರ ಫಲಗಳು. ಔಷಧವಿಲ್ಲದ ಕಾಲದಲ್ಲಿ ಅಧಿಕಾರವಾಗಲಿ, ಐಶ್ವರ್ಯವಾಗಲಿ ಇದರಿಂದ ಕಾಯಲಿಲ್ಲ. ಅಮೇರಿಕೆಯ ಅಧ್ಯಕ್ಷನಾಗಿದ್ದ ರೂಜ್ವೆಲ್ಟನು ೧೯೪೫ರ ಎಪ್ರಿಲ್ ೧೨ರಂದು ಮೆದುಳಿನ ರಕ್ತಸ್ರಾವದಿಂದ ಮರಣ ಹೊಂದಿದನು. ಆ ದಿನ ಅವನ ಒತ್ತಡ ೩೦೦ನ್ನು ಮುಟ್ಟಿತ್ತು. ಜಗತ್ತಿನ ಅತ್ಯಂತ ಬಲಿಷ್ಠ ದೇಶದ ವೈದ್ಯರ ಕೈಯಲ್ಲಿ ಆಗ ಅದನ್ನು ಇಳಿಸುವ ಯೋಗ್ಯ ಔಷಧವಿರಲಿಲ್ಲ.

ಅದಾದ ನಾಲ್ಕೇ ವರ್ಷಗಳಲ್ಲಿ ನಮ್ಮ ದೇಶದಿಂದ ಒಂದು ಬೆಳಕು ಹೊರಟಿತು. ಮುಂಬಯಿಯ ಡಾಕ್ಟರ್ ರುಸ್ತುಮ್ ಜಾಲ್ ವಕೀಲರು ಸರ್ಪಗಂಧಿಯ ಬೇರನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು ನೋಡಿ, ಅದರ ಫಲವನ್ನು ೧೯೪೯ರಲ್ಲಿ ಬ್ರಿಟಿಶ್ ಹಾರ್ಟ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತೇ ಆ ಬೇರಿನತ್ತ ತಿರುಗಿತು. ೧೯೫೨ರಲ್ಲಿ ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ೧೯೫೭ರಲ್ಲಿ ವಕೀಲರಿಗೆ ಅಮೇರಿಕೆಯ ಲ್ಯಾಸ್ಕರ್ ಪಾರಿತೋಷಕ ದೊರೆಯಿತು. ಮನಸ್ಸಿಗೆ ಖಿನ್ನತೆ ತರುವ ದೋಷ ಅದರಲ್ಲಿ ಕಂಡುಬಂದದ್ದರಿಂದಲೂ, ಉತ್ತಮವಾದ ಬೇರೆ ಔಷಧಗಳು ಬಂದದ್ದರಿಂದಲೂ ರಿಸರ್ಪಿನ್ ಹಿಂದೆ ಬಿದ್ದಿತು. ಇಂದು ವೈದ್ಯರು ಮೊದಲಿಗೆ ಕೊಡುವವು ಬಹುಮಟ್ಟಿಗೆ ಮೂರು ಜಾತಿಯವು: ಟೆಲ್ಮಿಸಾರ್ಟನ್, ಲೋಸಾರ್ಟನ್ ಮೊದಲಾದವು, ಎಮ್ಲೋಡಿಪಿನ್ ಮೊದಲಾದವು, ಮತ್ತು ಕ್ಲೋರ್ಥ್ಯಾಲಿಡೋನ್, ಹೈಡ್ರೋಕ್ಲೋರೋಥಯಝೈಡ್ ಮೊದಲಾದ ಮೂತ್ರಲ ಔಷಧಗಳು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಹೇಳಬೇಕು. ಮೂತ್ರಕೋಶ ತುಂಬಿದ್ದಾಗ ಒತ್ತಡವನ್ನು ಅಳೆದರೆ ಅದು ಇದ್ದದ್ದಕ್ಕಿಂತ ಹೆಚ್ಚಾಗಿ ತೋರುವದು. ದವಾಖಾನೆಯಲ್ಲಿ ಪಾಳಿ ತಪ್ಪೀತೆಂದು ತಡೆದುಕೊಂಡು ಕುಳಿತ ಮುದುಕರಿಗೆ ಹೀಗಾಗುವದು ಸಹಜ. ಆದ್ದರಿಂದ ಮೊದಲು ಮೂತ್ರವಿಸರ್ಜನೆ ಮಾಡಿ ಬಂದು, ಬೆನ್ನಿಗೆ ಆಧಾರವಿಟ್ಟು, ಐದು ಮಿನಿಟು ಮಾತಿಲ್ಲದೆ ಕುಳಿತ ತರುವಾಯ ಒತ್ತಡವನ್ನು ನೋಡಿಸಿಕೊಳ್ಳತಕ್ಕದ್ದು.

ದೇಹಲೀದೀಪ ನ್ಯಾಯ

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಸಂಸ್ಕೃತದಲ್ಲಿ ದೇಹಲೀದೀಪ ನ್ಯಾಯವೆಂಬುದೊಂದುಂಟು. ಹೊಸ್ತಿಲ ಮೇಲೆ ಇಟ್ಟ ಒಂದೇ ದೀಪವು ಒಳಗೂ ಹೊರಗೂ ಬೆಳಕು ಕೊಡುವದೆಂದು ಅದರ ಅರ್ಥ. ಎರಡು ಬೇನೆಗಳಿಗೆ ಒಂದೇ ಗುಳಿಗೆ ಎಂಬ ಆಸೆಯೂ ಇಂಥದೇ. ಈ ಆಸೆಗೆ ಆಧಾರವಿಲ್ಲವೆಂದಲ್ಲ.

ಅವಸರದ ಸಮಯಕ್ಕೆ ದೇಹವನ್ನು ಸಜ್ಜುಗೊಳಿಸುವ ನರಗಳು ನೋರಾಡ್ರಿನಲಿನ್ ಎಂಬ ದ್ರವ್ಯವನ್ನು ಸ್ರವಿಸುತ್ತವೆ. ಅದು ಸ್ನಾಯುಗಳ ಮೇಲಿನ 'ಆಲ್ಫಾ-ಒಂದು' ಎಂಬ ಪೀಠಗಳಲ್ಲಿ ಕೂಡ್ರುವದು. ಕೂತೊಡನೆ ಸ್ನಾಯು ಬಿಗಿಯುವದು. ಈ ಪೀಠಗಳು ರಕ್ತನಾಳಗಳ ಗೋಡೆಯಲ್ಲಿಯೂ ಇವೆ, ಪ್ರಾಸ್ಟೇಟಿನಲ್ಲಿಯೂ ಇವೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗಿಂದ ಟವೆಲ್ಲು ಒಗೆದು ಸೀಟು ಹಿಡಿಯುವವರನ್ನು ವಾಚಕರು ನೋಡಿರಬಹುದು. ಆಲ್ಫಾ ತಡೆಯುವ ಔಷಧಗಳು ಮಾಡುವದೂ ಅದನ್ನೇ. ತಾವು ಮೊದಲೇ ಪೀಠ ಹಿಡಿದು ನೋರಾಡ್ರಿನಲಿನ್ನಿಗೆ ಜಾಗ ಕೊಡುವದಿಲ್ಲ. ಆಗ ರಕ್ತನಾಳವೂ ಸಡಿಲಾಗುವದು, ಮೂತ್ರಮಾರ್ಗವೂ ಸಡಿಲಾಗುವದು.

೧೯೭೦ರ ದಶಕದಲ್ಲಿ ಜೆರೂಸಲೇಮಿನ ಮಾರ್ಕೋ ಕೇನ್ ಎಂಬ ಶಸ್ತ್ರವೈದ್ಯನು ಪ್ರಾಸ್ಟೇಟಿನ ಈ ಪೀಠಗಳನ್ನು ಗುರುತಿಸಿ, ಔಷಧದಿಂದಲೇ ಅಡ್ಡಿಯನ್ನು ಸಡಿಲಿಸಬಹುದೆಂದು ತೋರಿಸಿದನು. ಅಲ್ಲಿಯವರೆಗೆ ಈ ಬೇನೆಗೆ ಶಸ್ತ್ರಕ್ರಿಯೆಯೇ ಬಹುಮಟ್ಟಿಗೆ ಗತಿಯಾಗಿತ್ತು. ಪ್ರಾಝೋಸಿನ್ ಎಂಬ ರಕ್ತದೊತ್ತಡದ ಗುಳಿಗೆ ಅದೇ ದಶಕದಲ್ಲಿ ಬಂದಿತು. ಮುಂದೆ ಟೆರಾಝೋಸಿನ್ನಿಗೆ ಅಮೇರಿಕೆಯ ಸರಕಾರವು ೧೯೮೭ರಲ್ಲಿ ರಕ್ತದೊತ್ತಡಕ್ಕೂ ೧೯೯೩ರಲ್ಲಿ ಪ್ರಾಸ್ಟೇಟಿಗೂ ಒಪ್ಪಿಗೆಯಿತ್ತಿತು. ಡಾಕ್ಸಾಝೋಸಿನ್ನಿಗೆ ೧೯೯೦ ಮತ್ತು ೧೯೯೫ರಲ್ಲಿ. ಎರಡೂ ಬೇನೆಯಿರುವ ಮುದುಕರಿಗೆ ಒಂದೇ ಗುಳಿಗೆಯಿಂದ ಕಾರ್ಯಸಾಧನೆಯಾಯಿತೆಂದು ವೈದ್ಯರೂ ಹರ್ಷಪಟ್ಟರು.

ಆ ಹರ್ಷ ಬಹಳ ದಿನ ಉಳಿಯಲಿಲ್ಲ. ೧೯೯೪ರಲ್ಲಿ ಅಮೇರಿಕೆಯಲ್ಲಿ ಆಲ್‌ಹ್ಯಾಟ್ ಎಂಬ ಹೆಸರಿನ ಮಹಾಪರೀಕ್ಷೆಯೊಂದು ಆರಂಭವಾಗಿತ್ತು. ಐವತ್ತೈದು ದಾಟಿದ ಸುಮಾರು ೪೨,೦೦೦ ರಕ್ತದೊತ್ತಡದ ರೋಗಿಗಳನ್ನು ನಾಲ್ಕು ಗುಂಪು ಮಾಡಿ ಬೇರೆ ಬೇರೆ ಔಷಧಗಳನ್ನು ಕೊಟ್ಟಿದ್ದರು. ಡಾಕ್ಸಾಝೋಸಿನ್ ಗುಂಪಿನಲ್ಲಿ ೯,೦೬೭ ಜನ, ಹಳೆಯ ಅಗ್ಗದ ಮೂತ್ರಲ ಔಷಧವಾದ ಕ್ಲೋರ್ಥ್ಯಾಲಿಡೋನ್ ಗುಂಪಿನಲ್ಲಿ ೧೫,೨೬೮ ಜನ. ಹೃದಯಾಘಾತದ ಲೆಕ್ಕದಲ್ಲಿ ಎರಡೂ ಗುಂಪು ಸಮನಾಗಿದ್ದವು. ಆದರೆ ಹೃದಯವು ದುರ್ಬಲವಾಗಿ ನೀರು ತುಂಬುವ ಹೃದಯವೈಫಲ್ಯವು ಡಾಕ್ಸಾಝೋಸಿನ್ ತೆಗೆದುಕೊಂಡವರಲ್ಲಿ ಇಮ್ಮಡಿಯಾಗಿತ್ತು: ನಾಲ್ಕು ವರ್ಷಗಳಲ್ಲಿ ಒಂದು ಕಡೆ ನೂರಕ್ಕೆ ೮, ಇನ್ನೊಂದು ಕಡೆ ೪ಕ್ಕೆ ಸ್ವಲ್ಪ ಹೆಚ್ಚು. ಪಾರ್ಶ್ವವಾಯುವೂ ಹೆಚ್ಚು ಕಂಡಿತು. ಪರೀಕ್ಷೆಯ ಅವಧಿ ಮುಗಿಯುವ ಮೊದಲೇ, ೨೦೦೦ದ ಆರಂಭದಲ್ಲಿ, ಆ ಗುಂಪಿನ ಪ್ರಯೋಗವನ್ನು ನಿಲ್ಲಿಸಿಬಿಟ್ಟರು.

ಇದರ ಅರ್ಥವನ್ನು ನೆಟ್ಟಗೆ ತಿಳಿದುಕೊಳ್ಳಬೇಕು. ಈ ಗುಳಿಗೆ ವಿಷವೆಂದು ಅರ್ಥವಲ್ಲ. ಮೂತ್ರಮಾರ್ಗವನ್ನು ಸಡಿಲಿಸುವ ಕೆಲಸದಲ್ಲಿ ಅದರ ಯೋಗ್ಯತೆಗೆ ಕುಂದು ಬಂದಿಲ್ಲ. ಒತ್ತಡದ ಅಂಕೆಯನ್ನು ಇಳಿಸಿದ ಮಾತ್ರಕ್ಕೆ ಅದು ಹೃದಯವನ್ನು ಇತರ ಔಷಧಗಳಷ್ಟು ಕಾಯುವದೆಂದು ನಂಬಬಾರದು, ಅಷ್ಟೇ. ಆದ್ದರಿಂದಲೇ ಅಮೇರಿಕೆಯ ಮೂತ್ರರೋಗತಜ್ಞರ ಸಂಘವು ೨೦೦೩ರ ತನ್ನ ಸೂಚನೆಯಲ್ಲಿ, ಪ್ರಾಸ್ಟೇಟಿಗಾಗಿ ಆಲ್ಫಾ ತಡೆಯುವ ಔಷಧ ಕೊಟ್ಟರೆ ರಕ್ತದೊತ್ತಡದ ಚಿಕಿತ್ಸೆಯೂ ಮುಗಿಯಿತೆಂದು ಭಾವಿಸತಕ್ಕದ್ದಲ್ಲ, ಅದಕ್ಕೆ ಬೇರೆ ಔಷಧ ಬೇಕಾದೀತು ಎಂದು ತಿಳಿಸಿತು. ಈಗ ಒತ್ತಡದ ಚಿಕಿತ್ಸೆಯಲ್ಲಿ ಈ ಗುಂಪಿಗೆ ಮೊದಲ ಪಂಕ್ತಿಯಲ್ಲಿ ಸ್ಥಾನವಿಲ್ಲ; ಬೇರೆ ಮೂರು ಔಷಧಗಳಿಂದಲೂ ಇಳಿಯದ ಹಟಮಾರಿ ಒತ್ತಡಕ್ಕೆ ಮೇಲುಸಹಾಯವಾಗಿ ಇದನ್ನು ಕೂಡಿಸುವದುಂಟು. ಹೊಸ್ತಿಲ ದೀಪದಿಂದ ದಾರಿ ಕಂಡೀತು. ಅದರ ಬೆಳಕಿನಲ್ಲಿ ಒಳಮನೆಯ ಅಡಿಗೆ ಸಾಗದು.

ಈಗಿನ ಚಿಕಿತ್ಸಾಕ್ರಮ

ಇಂದಿನ ವೈದ್ಯರು ಎರಡು ಬೇನೆಗಳಿಗೂ ಬೇರೆ ಬೇರೆ ಔಷಧ ಕೊಟ್ಟು, ಒಂದು ಇನ್ನೊಂದಕ್ಕೆ ಅಡ್ಡ ಬಾರದಂತೆ ನೋಡುತ್ತಾರೆ. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್, ಸೈಲೋಡೋಸಿನ್ ಎಂಬ ಔಷಧಗಳು ಹೆಚ್ಚಾಗಿ ಬಳಕೆಯಲ್ಲಿವೆ. ಆಲ್ಫಾ ಪೀಠಗಳಲ್ಲಿಯೂ ಉಪಜಾತಿಗಳುಂಟು. ಇವು ಪ್ರಾಸ್ಟೇಟಿನಲ್ಲಿ ಹೆಚ್ಚಾಗಿರುವ ಉಪಜಾತಿಯನ್ನು ಆರಿಸಿ ಹಿಡಿಯುತ್ತವೆ. ಆದಕಾರಣ ರಕ್ತದೊತ್ತಡವನ್ನು ಅಷ್ಟಾಗಿ ಇಳಿಸುವದಿಲ್ಲ. ಫಲವೂ ಬೇಗ, ಕೆಲವು ದಿನಗಳಲ್ಲಿಯೇ ಧಾರೆ ಸುಧಾರಿಸುವದು.

ಎರಡನೆಯ ಜಾತಿಯ ಔಷಧಗಳು ಗ್ರಂಥಿಯ ಗಾತ್ರವನ್ನೇ ಕುಗ್ಗಿಸುವಂಥವು. ಇವುಗಳ ಹಿಂದೆ ಒಂದು ಸ್ವಾರಸ್ಯದ ಕಥೆಯಿದೆ. ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿಯಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆಯುಳ್ಳ ಗಂಡುಮಕ್ಕಳಿದ್ದರೆಂದೂ, ಬೆಳೆದ ಮೇಲೂ ಅವರ ಪ್ರಾಸ್ಟೇಟ್ ಬಹಳ ಚಿಕ್ಕದಾಗಿಯೇ ಉಳಿಯುತ್ತಿತ್ತೆಂದೂ ೧೯೭೪ರಲ್ಲಿ ಜೂಲಿಯೆನ್ ಇಂಪೆರಾಟೋ-ಮ್ಯಾಗಿನ್ಲಿ ಎಂಬ ವೈದ್ಯೆಯೂ ಅವಳ ಸಂಗಡಿಗರೂ ವರದಿ ಮಾಡಿದರು. ಆ ಕಿಣ್ವವನ್ನು ಔಷಧದಿಂದ ತಡೆದರೆ ಬೆಳೆದ ಗ್ರಂಥಿಯೂ ಕುಗ್ಗಬೇಕಲ್ಲವೇ ಎಂಬ ತರ್ಕದಿಂದ ಫಿನಾಸ್ಟರೈಡ್ ಹುಟ್ಟಿ, ೧೯೯೨ರಲ್ಲಿ ಬಳಕೆಗೆ ಬಂದಿತು. ಡ್ಯುಟಾಸ್ಟರೈಡ್ ಅದರ ತಮ್ಮ. ಇವು ಗ್ರಂಥಿಯನ್ನು ಸುಮಾರು ಕಾಲುಭಾಗ ಕುಗ್ಗಿಸುತ್ತವೆ. ಆದರೆ ಆರು ತಿಂಗಳಾದರೂ ತಾಳ್ಮೆ ಬೇಕು. 'ತಿಂಗಳು ನುಂಗಿದೆ, ಏನೂ ಆಗಲಿಲ್ಲ' ಎಂದು ಬಿಡುವವರೇ ಬಹಳ. ಇವು ಪಿ.ಎಸ್.ಎ. ಅಂಕೆಯನ್ನು ಅರ್ಧಕ್ಕಿಳಿಸುವದರಿಂದ, ಮುಂದೆ ಆ ಪರೀಕ್ಷೆ ಮಾಡಿಸುವಾಗ ಗುಳಿಗೆಯ ವಿಷಯವನ್ನು ಹೇಳದಿದ್ದರೆ ಅರ್ಬುದದ ಸುಳಿವು ಕೈತಪ್ಪೀತು. ಮನೆಯಲ್ಲಿ ಬಸುರಿ ಹೆಣ್ಣುಮಕ್ಕಳಿದ್ದರೆ ಅವರು ಈ ಗುಳಿಗೆಯ ಪುಡಿಯನ್ನೂ ಒಡೆದ ಕ್ಯಾಪ್ಸೂಲನ್ನೂ ಮುಟ್ಟಬಾರದು. ಗರ್ಭದಲ್ಲಿರುವ ಗಂಡುಶಿಶುವಿಗೆ ಅಪಾಯವುಂಟು.

ಎರಡು ಜಾತಿಗಳನ್ನೂ ಕೂಡಿಸಿ ಕೊಟ್ಟರೆ ಹೇಗೆಂದು ೩,೦೪೭ ಗಂಡಸರಲ್ಲಿ ಸರಾಸರಿ ನಾಲ್ಕೂವರೆ ವರ್ಷ ಪರೀಕ್ಷಿಸಿದ ಫಲವು ೨೦೦೩ರಲ್ಲಿ ಪ್ರಕಟವಾಯಿತು. ಬೇನೆ ಉಲ್ಬಣಿಸುವ ಭಯವು ಡಾಕ್ಸಾಝೋಸಿನ್ ಒಂದರಿಂದ ನೂರಕ್ಕೆ ೩೯ರಷ್ಟು, ಫಿನಾಸ್ಟರೈಡ್ ಒಂದರಿಂದ ೩೪ರಷ್ಟು, ಎರಡೂ ಕೂಡಿದರೆ ೬೬ರಷ್ಟು ಕಡಿಮೆಯಾಗಿತ್ತು. ಗ್ರಂಥಿ ದೊಡ್ಡದಾಗಿರುವವರಿಗೆ ವೈದ್ಯರು ಎರಡನ್ನೂ ಕೊಡುವದು ಈ ಕಾರಣದಿಂದಲೇ. ಇಷ್ಟಾಗಿಯೂ ಮೂತ್ರ ಪದೇ ಪದೇ ಕಟ್ಟುತ್ತಿದ್ದರೆ, ರಕ್ತ ಹೋಗುತ್ತಿದ್ದರೆ, ಮೂತ್ರಕೋಶದಲ್ಲಿ ಕಲ್ಲಾದರೆ, ಮೂತ್ರಪಿಂಡಕ್ಕೆ ಪೆಟ್ಟು ತಗುಲಿದರೆ ಹೊಟ್ಟೆ ಕೊಯ್ಯದೆ ಮೂತ್ರನಾಳದೊಳಗಿಂದಲೇ ಗ್ರಂಥಿಯನ್ನು ಕೆರೆದು ತೆಗೆಯುವ ಶಸ್ತ್ರಕ್ರಿಯೆಯನ್ನು ಮುಂದೂಡಬಾರದು.

ಒತ್ತಡದ ಗುಳಿಗೆಗಳೂ ಮೂತ್ರದ ಮೇಲೆ ಪರಿಣಾಮ ಮಾಡದೆ ಇರವು. ಮೂತ್ರಲ ಔಷಧವನ್ನು ಸಂಜೆ ನುಂಗಿದರೆ ರಾತ್ರಿಯೆಲ್ಲ ಓಡಾಟ. ಅದನ್ನು ಮುಂಜಾನೆಯೇ ತೆಗೆದುಕೊಳ್ಳತಕ್ಕದ್ದು. ಎಮ್ಲೋಡಿಪಿನ್ನಿನಿಂದ ಕೆಲವರಿಗೆ ಕಾಲು ಬಾಯುವದು. ಹಗಲಲ್ಲಿ ಕಾಲಲ್ಲಿ ಇಳಿದ ನೀರು ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗಿ ಇಳಿಯುವದು. ಇಂಥವರು ತಮ್ಮ ಕಾಲಬಾವನ್ನು ವೈದ್ಯರಿಗೆ ತೋರಿಸಿದರೆ ಔಷಧವನ್ನು ಬದಲಿಸಿಕೊಟ್ಟಾರು. ರಾತ್ರಿಯ ತೊಂದರೆಯೆಲ್ಲ ಪ್ರಾಸ್ಟೇಟಿನದೇ ಎಂದು ತಿಳಿಯಲಾಗದು. ಸಕ್ಕರೆ ರೋಗದಿಂದಲೂ ಹೀಗಾಗುವದುಂಟು.

ಎಚ್ಚರಿಕೆಗಳು

ತಿಕೋಟೆಯ ಹತ್ತಿರದ ಹಿರಿಯ ಒಕ್ಕಲಿಗರೊಬ್ಬರು ನಮಗೆ ಪರಿಚಿತರು. ರಕ್ತದೊತ್ತಡಕ್ಕೆ ಒಂದು ಊರಿನ ವೈದ್ಯರಿಂದ ಎರಡು ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಮೂತ್ರದ ತೊಂದರೆಗೆ ಅಳಿಯನು ಮತ್ತೊಂದು ಊರಿನ ವೈದ್ಯರಿಗೆ ತೋರಿಸಿ ಮೂರನೆಯದನ್ನು ತಂದುಕೊಟ್ಟನು. ಅಲ್ಲಿಯದನ್ನು ಇಲ್ಲಿ ಹೇಳಿರಲಿಲ್ಲ, ಇಲ್ಲಿಯದನ್ನು ಅಲ್ಲಿ ಹೇಳಿರಲಿಲ್ಲ. ಮೂರನೆಯ ರಾತ್ರಿ ಅವರು ಕಾಲ್ಮಡಿಯಲಿಕ್ಕೆಂದು ದಡಕ್ಕನೆ ಎದ್ದರು. ಕಣ್ಣಿಗೆ ಕತ್ತಲೆ ಬಂದು ಹೊಸ್ತಿಲ ಮೇಲೆಯೇ ಬಿದ್ದರು. ತೊಡೆಯ ಎಲುಬು ಮುರಿಯಿತು. ಹಂಗಾಮಿನಲ್ಲಿ ದ್ರಾಕ್ಷಿಯ ಪಡಕುಗಳ ನಡುವೆ ಹಗಲೆಲ್ಲ ನಡೆದಾಡುತ್ತಿದ್ದ ಮನುಷ್ಯರು ಈಗ ಕೋಲಿಲ್ಲದೆ ಅಂಗಳಕ್ಕೆ ಬರಲಾರರು.

ಆಲ್ಫಾ ತಡೆಯುವ ಔಷಧಗಳ ಮುಖ್ಯ ಅಪಾಯ ಇದೇ. ಮಲಗಿದವನು ಎದ್ದು ನಿಂತಾಗ ರಕ್ತನಾಳಗಳು ಬಿಗಿದು ರಕ್ತವನ್ನು ಮೇಲಕ್ಕೆ ತಳ್ಳಬೇಕು. ಬಿಗಿಯುವ ಪೀಠಗಳನ್ನು ಔಷಧ ಹಿಡಿದಿರುವದರಿಂದ ರಕ್ತ ಕಾಲಲ್ಲಿಯೇ ನಿಂತು ತಲೆಗೆ ಕೊರತೆಯಾಗುವದು. ಮೊದಲನೆಯ ಗುಳಿಗೆ ನುಂಗಿದಾಗ ಮತ್ತು ಪ್ರಮಾಣ ಹೆಚ್ಚಿಸಿದಾಗ ಈ ಭಯ ಹೆಚ್ಚು. ಪ್ರಾಝೋಸಿನ್, ಟೆರಾಝೋಸಿನ್ನುಗಳನ್ನು ಅತಿ ಸಣ್ಣ ಪ್ರಮಾಣದಿಂದ, ಮಲಗುವ ಹೊತ್ತಿಗೆ ಆರಂಭಿಸುವದು ಇದಕ್ಕಾಗಿಯೇ. ನಿಂತು ಮೂರು ಮಿನಿಟಿನೊಳಗೆ ಮೇಲಿನ ಅಂಕೆ ೨೦ರಷ್ಟು ಅಥವಾ ಕೆಳಗಿನದು ೧೦ರಷ್ಟು ಇಳಿದರೆ ಅದು ದೋಷವೆಂದೇ ಎಣಿಕೆ. ಆದ್ದರಿಂದ ಕುಳಿತಾಗ ಒಮ್ಮೆ, ನಿಂತಾಗ ಒಮ್ಮೆ ಒತ್ತಡ ನೋಡಬೇಕೆಂದು ವೈದ್ಯರನ್ನು ವಿನಂತಿಸಿಕೊಳ್ಳಬಹುದು. ಎಪ್ರಿಲ್-ಮೇ ತಿಂಗಳಲ್ಲಿ ಬಿಸಿಲು ನಾಲ್ವತ್ತು ಅಂಶ ಮುಟ್ಟಿ ಬೆವರು ಹರಿಯುವಾಗ ಈ ಎಚ್ಚರ ಇಮ್ಮಡಿಯಾಗಿರಬೇಕು.

ಎರಡನೆಯದು, ನೆಗಡಿಯ ಗುಳಿಗೆ. ಅಂಗಡಿಯಲ್ಲಿ ಕೇಳಿದೊಡನೆ ಸಿಕ್ಕುವ ಶೀತದ ಗುಳಿಗೆಗಳಲ್ಲಿ ಮೂಗು ಬಿಡಿಸುವ ಫಿನೈಲ್‌ಎಫ್ರಿನ್ ಮೊದಲಾದ ದ್ರವ್ಯಗಳೂ, ಸೀನು ತಡೆಯುವ ಕ್ಲೋರ್‌ಫೆನಿರಮಿನ್ನೂ ಕೂಡಿರುತ್ತವೆ. ಮೊದಲನೆಯದು ಆಲ್ಫಾ ಪೀಠಗಳನ್ನು ಬಿಗಿಸಿ ಒತ್ತಡವನ್ನೂ ಏರಿಸುವದು, ಮೂತ್ರಮಾರ್ಗವನ್ನೂ ಬಿಗಿಯುವದು; ಎರಡನೆಯದು ಮೂತ್ರಕೋಶದ ಬಲವನ್ನೇ ಕುಂದಿಸುವದು. ಎರಡೂ ಬೇನೆಯುಳ್ಳ ಮುದುಕರಿಗೆ ಇದಕ್ಕಿಂತ ಕೆಟ್ಟ ಜೋಡಿ ಮತ್ತೊಂದಿಲ್ಲ. ಒಂದು ನೆಗಡಿಯ ಗುಳಿಗೆಯಿಂದ ರಾತ್ರೋರಾತ್ರಿ ಮೂತ್ರ ಕಟ್ಟಿದ ಉದಾಹರಣೆಗಳು ವೈದ್ಯರಿಗೆ ಹೊಸವಲ್ಲ.

ಮೂರನೆಯದು, ಕಣ್ಣಿನ ಪೊರೆಯ ಶಸ್ತ್ರಕ್ರಿಯೆ. ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರಲ್ಲಿ ಕಣ್ಣಿನ ಪಾಪೆಯ ಸುತ್ತಲಿನ ಪರದೆ ಜೋಲಾಗಿ ಶಸ್ತ್ರಕ್ರಿಯೆಗೆ ತೊಡಕಾಗುವದೆಂದು ೨೦೦೫ರಲ್ಲಿ ತಿಳಿದುಬಂದಿತು. ಗುಳಿಗೆ ಬಿಟ್ಟು ಎಷ್ಟೋ ದಿನಗಳಾದರೂ ಈ ದೋಷ ಉಳಿದಿರಬಹುದು. ಮೊದಲೇ ತಿಳಿಸಿದರೆ ಕಣ್ಣಿನ ವೈದ್ಯರು ತಕ್ಕ ಸಿದ್ಧತೆಯಿಂದ ನಿರ್ವಿಘ್ನವಾಗಿ ಮಾಡಬಲ್ಲರು. ಶಿಬಿರಗಳಿಗೆ ಹಿರಿಯರನ್ನು ಕರೆದೊಯ್ಯುವವರು ಗುಳಿಗೆಯ ಚೀಟಿಯನ್ನೂ ಒಯ್ಯಬೇಕು.

ನಾಲ್ಕನೆಯದು, ಟಡಾಲಾಫಿಲ್. ಇದಕ್ಕೂ ೨೦೧೧ರಿಂದ ಪ್ರಾಸ್ಟೇಟಿನ ಚಿಕಿತ್ಸೆಯಲ್ಲಿ ಸ್ಥಾನವುಂಟು. ಆದರೆ ಎದೆನೋವಿಗ ನಾಲಗೆಯ ಕೆಳಗೆ ಇಡುವ ನೈಟ್ರೇಟ್ ಗುಳಿಗೆಯೊಡನೆ ಇದು ಕೂಡಿದರೆ ಒತ್ತಡವು ಪ್ರಾಣಾಂತಿಕವಾಗಿ ಕುಸಿಯಬಹುದು. ಹೃದಯದ ಬೇನೆಯುಳ್ಳವರು ಇದನ್ನು ಯಾರ ಮಾತು ಕೇಳಿಯೂ ಗುಟ್ಟಾಗಿ ನುಂಗಬಾರದು.

ಮನೆಯವರ ಕರ್ತವ್ಯ

ಔಷಧದಷ್ಟೇ ಮುಖ್ಯವಾದದ್ದು ಅಡಿಗೆಯ ಮನೆ. ಜಾಗತಿಕ ಆರೋಗ್ಯ ಸಂಸ್ಥೆಯು ದಿನಕ್ಕೆ ಐದು ಗ್ರಾಂಗಿಂತ ಕಡಿಮೆ, ಎಂದರೆ ಒಂದು ಚಹದ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆನ್ನುವದು. ನಮ್ಮ ಜೋಳದ ರೊಟ್ಟಿಯಲ್ಲಿ ದೋಷವಿಲ್ಲ. ಉಪ್ಪೆಲ್ಲ ಅದರ ಪಕ್ಕದಲ್ಲಿ ಕುಳಿತ ಉಪ್ಪಿನಕಾಯಿ, ಕೆಂಪು ಚಟ್ನಿ, ಹಪ್ಪಳ-ಸಂಡಿಗೆಗಳಲ್ಲಿದೆ. ಉಪ್ಪು ಇಳಿಸಿದರೆ ಒತ್ತಡ ಇಳಿಯುವದೆಂದು ಎಲ್ಲರೂ ಬಲ್ಲರು. ರಾತ್ರಿಯ ಮೂತ್ರವೂ ಇಳಿಯುವದೆಂದು ಜಪಾನಿನ ನಾಗಾಸಾಕಿಯ ವೈದ್ಯರು ೨೦೧೭ರಲ್ಲಿ ತೋರಿಸಿದರು. ದಿನದ ಉಪ್ಪನ್ನು ೧೦.೭ ಗ್ರಾಂನಿಂದ ೮ಕ್ಕೆ ಇಳಿಸಿಕೊಂಡವರು ರಾತ್ರಿ ಏಳುವದು ಸರಾಸರಿ ೨.೩ ಸಲದಿಂದ ೧.೪ಕ್ಕೆ ಇಳಿಯಿತು. ಎರಡು ಬೇನೆಗಳಿಗೂ ಒಂದೇ ಉಪಾಯ ಬೇಕೆನ್ನುವವರಿಗೆ ಇದು ದೊರೆಯಿತಲ್ಲವೇ? ಇದಕ್ಕೆ ಬೆಲೆಯೂ ಇಲ್ಲ.

ಮೂತ್ರಕ್ಕೆ ಹೆದರಿ ನೀರನ್ನೇ ಬಿಡುವವರಿದ್ದಾರೆ. ನಮ್ಮ ಸೀಮೆಯ ಬಿಸಿಲಿನಲ್ಲಿ ಅದು ಮೂತ್ರಪಿಂಡಕ್ಕೆ ದ್ರೋಹ. ಹಗಲು ಬೇಕಾದಷ್ಟು ಕುಡಿದು, ಮಲಗುವ ಎರಡು ಮೂರು ತಾಸು ಮೊದಲು ಕಡಿಮೆ ಮಾಡಬೇಕು. ಸಂಜೆಯ ಚಹ ಬಿಡಬೇಕು. ರಾತ್ರಿ ಎದ್ದವರು ಹಾಸಿಗೆಯ ಅಂಚಿನಲ್ಲಿ ಒಂದೆರಡು ಮಿನಿಟು ಕುಳಿತು, ಏನನ್ನಾದರೂ ಹಿಡಿದು ನಿಲ್ಲಬೇಕು. ಕುಳಿತೇ ಮೂತ್ರವಿಸರ್ಜನೆ ಮಾಡುವದು ಲೇಸು. ಮಲಗುವ ಕೋಣೆಯಿಂದ ಬಚ್ಚಲವರೆಗೆ ಒಂದು ಸಣ್ಣ ದೀಪ ಉರಿಯುತ್ತಿರಲಿ. ದಾರಿಯಲ್ಲಿ ಕೊಡ, ಚಪ್ಪಲಿ, ಚಾಪೆಗಳಿರದಿರಲಿ. ಪಾಯಖಾನೆ ಅಂಗಳದಾಚೆಗಿದ್ದರೆ ಮಂಚದ ಹತ್ತಿರ ಒಂದು ಪಾತ್ರೆ ಇಡುವದರಲ್ಲಿ ಅವಮಾನವೇನೂ ಇಲ್ಲ.

ಗುಳಿಗೆಗಳ ಹೆಸರು, ಪ್ರಮಾಣ, ಹೊತ್ತುಗಳನ್ನು ಒಂದು ಹಾಳೆಯಲ್ಲಿ ಬರೆದು ಹಿರಿಯರ ಕಿಸೆಯಲ್ಲಿಡುವ ಕೆಲಸವನ್ನು ಮನೆಯ ಶಾಲೆಗೆ ಹೋಗುವ ಮಕ್ಕಳಿಗೆ ಒಪ್ಪಿಸಬಹುದು. ಯಾವ ವೈದ್ಯರ ಹತ್ತಿರ ಹೋದರೂ ಆ ಹಾಳೆಯನ್ನೇ ಮೊದಲು ತೋರಿಸತಕ್ಕದ್ದು. ಮೇಲೆ ಹೇಳಿದ ಒಕ್ಕಲಿಗರ ಕಿಸೆಯಲ್ಲಿ ಅಂಥದೊಂದು ಹಾಳೆಯಿದ್ದಿದ್ದರೆ ಅವರ ಎಲುಬು ಉಳಿದೀತೇನೋ. ಒತ್ತಡ ಸಮಕ್ಕೆ ಬಂತೆಂದು ಗುಳಿಗೆ ಬಿಡುವದೂ ದೊಡ್ಡ ತಪ್ಪು. ಸಮಕ್ಕೆ ಬಂದದ್ದು ಗುಳಿಗೆಯಿಂದಲೇ.

ತಿಕೋಟೆ, ಬಬಲೇಶ್ವರಗಳು ವಿಜಯಪುರದಿಂದ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರಿನ ಊರುಗಳು. ರಕ್ತದೊತ್ತಡವನ್ನು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿಯೇ ನೋಡಿಸಿಕೊಳ್ಳಬಹುದು. ಹೆಚ್ಚಿನ ಪರೀಕ್ಷೆಗೆ ನಗರದಲ್ಲಿ ಜಿಲ್ಲಾ ಆಸ್ಪತ್ರೆಯುಂಟು; ೧೯೮೪ರಲ್ಲಿ ಸ್ಥಾಪಿತವಾದ ಅಲ್-ಅಮೀನ್ ವೈದ್ಯಕೀಯ ಕಾಲೇಜೂ, ೧೯೮೬ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ತೆರೆದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜೂ ತಮ್ಮ ಆಸ್ಪತ್ರೆಗಳೊಡನೆ ಇವೆ. ನಿತ್ಯದ ಗುಳಿಗೆಗಳ ವೆಚ್ಚ ಭಾರವಾದವರು ಜನೌಷಧಿ ಕೇಂದ್ರಗಳಲ್ಲಿ ಮೂಲನಾಮದ ಅಗ್ಗದ ಗುಳಿಗೆಗಳನ್ನು ವಿಚಾರಿಸಬಹುದು. ಮೂತ್ರವು ಪೂರ್ತಿ ಕಟ್ಟಿ ಕಿಬ್ಬೊಟ್ಟೆ ಉಬ್ಬಿದರೆ, ಮಾತು ತೊದಲಿದರೆ, ಮುಖ ಸೊಟ್ಟಾದರೆ, ಒಂದು ಕೈಯಲ್ಲಿ ಬಲವಿಲ್ಲದಾದರೆ ಬೆಳಗಾಗಲೆಂದು ಕಾಯಬಾರದು; ೧೦೮ಕ್ಕೆ ಕರೆಮಾಡಿ ಕೂಡಲೆ ನಗರಕ್ಕೆ ಒಯ್ಯಬೇಕು. ಕಟ್ಟಿದ ಮೂತ್ರವನ್ನು ನಳಿಗೆಯಿಂದ ಬಿಡಿಸುವದು ಕೆಲವೇ ಮಿನಿಟುಗಳ ಕೆಲಸ. ಕಷಾಯ ಕುಡಿಸುತ್ತ ರಾತ್ರಿ ಕಳೆಯುವದು ಮೂತ್ರಪಿಂಡಗಳಿಗೆ ಹಾನಿ.

ಹಾಗಾದರೆ ಒಂದೇ ಗುಳಿಗೆ ಸಾಕೇ? ಬಹುತೇಕ ಹಿರಿಯರಿಗೆ ಸಾಲದು. ಹೃದಯವನ್ನು ಕಾಯಲಿಕ್ಕೆ ಒಂದು, ಮೂತ್ರಮಾರ್ಗವನ್ನು ಬಿಡಿಸಲಿಕ್ಕೆ ಇನ್ನೊಂದು. ಎರಡನ್ನೂ ಬಲ್ಲ ಒಬ್ಬ ವೈದ್ಯರು, ಎರಡನ್ನೂ ಬರೆದ ಒಂದು ಹಾಳೆ. ಇವು ಕೂಡಿದರೆ ಇಳಿವಯಸ್ಸಿನ ಈ ಎರಡು ಬೇನೆಗಳೊಡನೆ ಮನುಷ್ಯನು ಬಹುಕಾಲ ಸುಖವಾಗಿ ಬಾಳಬಲ್ಲನು. ಇದಕ್ಕೆ ಮೊದಲು ಮಾತ್ರ ಅವನು ಬಾಯಿ ಬಿಡಬೇಕು. ವಾಚಕರು ತಮ್ಮ ಮನೆಯ ಹಿರಿಯರನ್ನು ಇಂದು ರಾತ್ರಿಯ ಊಟವಾದ ಮೇಲೆ ಹತ್ತಿರ ಕುಳ್ಳಿರಿಸಿಕೊಂಡು, ರಾತ್ರಿ ಎಷ್ಟು ಸಲ ಏಳುವಿರೆಂದು ಒಂದು ಮಾತು ಕೇಳಲಿ. ಚಿಕಿತ್ಸೆಯು ಅಲ್ಲಿಂದಲೇ ಆರಂಭವಾಗುವದು.